ಒಂದು ಬಾಗಿಲು ನಮಗೆ, ಒಂದು ಬಾಗಿಲು ಬಾಡಿಗೆಗೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತರ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಈ ದಿನ ನನಗೆ "ರೈತನ ಉಳಿತಾಯ" ಎಂಬ ವಿಷಯ ಕೊಟ್ಟಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿದವನು. ದೊಡ್ಡ ಅರ್ಥಶಾಸ್ತ್ರ ಹೇಳುವುದಕ್ಕೆ ನನಗೆ ಬರೋದಿಲ್ಲ. ಆದರೆ ಸಂಘದ ನಿರ್ದೇಶಕನಾಗಿ ಸಾಲದ ಅರ್ಜಿ, ವಾಯಿದೆ ಮೀರಿದ ಸಾಲದ ಪಟ್ಟಿ ಎರಡನ್ನೂ ಪ್ರತಿ ಸಭೆಯಲ್ಲಿ ನೋಡುತ್ತೇನೆ. ಅದನ್ನು ನೋಡಿ ನೋಡಿ ನನಗೆ ತಿಳಿದ ಒಂದೇ ಒಂದು ವಿಚಾರವನ್ನು ಇಲ್ಲಿ ಹೇಳುತ್ತೇನೆ. ಅದು ಮನೆಯ ವಿಚಾರ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಈ ಎರಡೂ ರೈತನ ಗಂಟನ್ನು ಕರಗಿಸುವ ಕೆಲಸಗಳು. ಮದುವೆಯ ಮಾತು ಈಗ ಬೇಡ. ಮನೆಯನ್ನು ನಾವು ಹೇಗೆ ಕಟ್ಟುತ್ತಿದ್ದೇವೆ ಎಂದು ಸ್ವಲ್ಪ ಯೋಚಿಸಿ. ಹತ್ತು ವರ್ಷ ಕೂಡಿಟ್ಟ ದುಡ್ಡು, ಅದು ಸಾಲದೆ ಕೈಸಾಲ, ಅದೂ ಸಾಲದೆ ಅರ್ಧ ಎಕರೆ ಗದ್ದೆ ಮಾರಿ ದೊಡ್ಡ ಮನೆ ಕಟ್ಟುತ್ತೇವೆ. ಎತ್ತರದ ಹಾಲು, ಮೇಲೆ ಎರಡು ರೂಮು, ರಸ್ತೆಗೆ ಕಾಣುವ ಹಾಗೆ ಕಂಬ. ಗೃಹಪ್ರವೇಶದ ದಿನ ಊರೆಲ್ಲಾ ಉಂಡು ಹೊಗಳಿ ಹೋಗುತ್ತದೆ. ಆಮೇಲೆ ಮಕ್ಕಳು ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಮೇಲಿನ ರೂಮಿನಲ್ಲಿ ಈರುಳ್ಳಿ ಒಣಗಿಸುತ್ತೇವೆ. ಕೆಳಗಡೆ ಇಬ್ಬರು ವಯಸ್ಸಾದವರು. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತಿರುತ್ತದೆ.

ಬಂಧುಗಳೇ, ಕೊಟ್ಟಿಗೆಯಲ್ಲಿ ಹಸು ಕಟ್ಟುವವರು ನಾವು. ಹಸುವಿಗೆ ಹುಲ್ಲು, ಹಿಂಡಿ ಹಾಕುತ್ತೇವೆ, ಅದು ಹಾಲು ಕೊಡುತ್ತದೆ. ಹಾಲು ಕೊಡದ, ಗೊಬ್ಬರವನ್ನೂ ಹಾಕದ, ಹಿಂಡಿ ಮಾತ್ರ ತಿನ್ನುವ ಹಸು ಇದ್ದರೆ ಅದನ್ನು ಆಸ್ತಿ ಅನ್ನುತ್ತೀರಾ? ಸಾಲ ಮಾಡಿ ಕಟ್ಟಿದ, ಅರ್ಧ ಖಾಲಿ ಬಿದ್ದಿರುವ ಮನೆಯೂ ಹಾಗೇ. ಬಣ್ಣ ಕೇಳುತ್ತದೆ, ರಿಪೇರಿ ಕೇಳುತ್ತದೆ, ಕಂದಾಯ ಕೇಳುತ್ತದೆ, ಬಡ್ಡಿ ಕೇಳುತ್ತದೆ. ಏನನ್ನೂ ಕೊಡುವುದಿಲ್ಲ.

ಅದಕ್ಕೆ ನಾನು ಹೇಳುವುದು ಇಷ್ಟು. ಮನೆ ಕಟ್ಟುವುದಾದರೆ ಎರಡು ಬಾಗಿಲಿನ ಮನೆ ಕಟ್ಟಿ. ಒಂದು ಭಾಗದಲ್ಲಿ ನೀವಿರಿ, ಇನ್ನೊಂದನ್ನು ಬಾಡಿಗೆಗೆ ಕೊಡಿ. ಆ ಬಾಡಿಗೆಯೇ ಮನೆ ಸಾಲದ ಬಹುಪಾಲು ತೀರಿಸಲಿ.

ಇದೇನು ಹೊಸ ಸಂಗತಿಯಲ್ಲ. ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ವಠಾರಗಳನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ನಡುವೆ ಅಂಗಳ, ಸುತ್ತ ಸಾಲಾಗಿ ಚಿಕ್ಕ ಚಿಕ್ಕ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಅಲ್ಲೇ ಒಂದು ಮನೆಯಲ್ಲಿ ಮಾಲೀಕರ ವಾಸ. 1990ರಲ್ಲಿ ಬಂದ "ಗಣೇಶನ ಮದುವೆ" ಸಿನಿಮಾ ಪೂರ್ತಿ ಇಂಥ ವಠಾರದ ಕಥೆಯೇ. ಮಾಲೀಕನಿಗೂ ಬಾಡಿಗೆದಾರನಿಗೂ ಆಗುವ ಜಗಳ ನೋಡಿ ನಾವೆಲ್ಲಾ ನಕ್ಕಿದ್ದೇವೆ. ಆದರೆ ಎಷ್ಟೋ ಮಧ್ಯಮ ವರ್ಗದ ಕುಟುಂಬಗಳು ಮಕ್ಕಳನ್ನು ಓದಿಸಿದ್ದು, ಮದುವೆ ಮಾಡಿದ್ದು ಈ ಬಾಡಿಗೆ ದುಡ್ಡಿನಲ್ಲೇ. ಈಗ ವಠಾರ ಕಡಿಮೆಯಾಗಿ ಅದೇ ವ್ಯವಸ್ಥೆ ಮೇಲಕ್ಕೆ ಬೆಳೆದಿದೆ. ಕೆಳಗೆ ಓನರು, ಮೇಲೆ ಬಾಡಿಗೆದಾರರು.

ಹೊರದೇಶದಲ್ಲೂ ಇದೇ ಲೆಕ್ಕ. ಅಮೆರಿಕದ ಬಾಸ್ಟನ್, ವೂಸ್ಟರ್ ಪಟ್ಟಣಗಳಲ್ಲಿ ನೂರು ವರ್ಷಕ್ಕೂ ಹಿಂದೆ ಕಟ್ಟಿದ ಮೂರು ಅಂತಸ್ತಿನ ಮರದ ಮನೆಗಳಿವೆ. ಅವನ್ನು ಟ್ರಿಪಲ್ ಡೆಕ್ಕರ್ ಅನ್ನುತ್ತಾರೆ. ಬೇರೆ ದೇಶಗಳಿಂದ ಗಿರಣಿ, ಕಾರ್ಖಾನೆ ಕೂಲಿಗೆ ಬಂದ ಎಷ್ಟೋ ಕುಟುಂಬಗಳು ಅಂಥ ಮನೆ ಕೊಂಡು, ಒಂದು ಅಂತಸ್ತಿನಲ್ಲಿ ತಾವಿದ್ದು, ಉಳಿದ ಎರಡನ್ನು ಬಾಡಿಗೆಗೆ ಕೊಟ್ಟು ಮೇಲೆ ಬಂದವು. ಈಗ ಅಲ್ಲಿ ಇದಕ್ಕೆ ಹೌಸ್ ಹ್ಯಾಕಿಂಗ್ ಅಂತ ಹೆಸರಿಟ್ಟಿದ್ದಾರೆ. ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂದು 1934ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಸಂಸ್ಥೆ, ನಾಲ್ಕು ಮನೆಗಳವರೆಗಿನ ಕಟ್ಟಡ ಕೊಳ್ಳುವವನ ಸಾಲಕ್ಕೂ ಖಾತರಿ ನಿಲ್ಲುತ್ತದೆ. ಆದರೆ ಒಂದು ಷರತ್ತು. ಆ ಪೈಕಿ ಒಂದು ಮನೆಯಲ್ಲಿ ಕೊಂಡವನೇ ಕನಿಷ್ಠ ಒಂದು ವರ್ಷ ವಾಸ ಇರಬೇಕು. ಹೆಸರು ಇಂಗ್ಲಿಷಿನದಾದರೂ ವಿಷಯ ನಮ್ಮ ವಠಾರದ್ದೇ.

ಇದು ಪೇಟೆಯವರಿಗಿಂತ ರೈತನಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾರಣ ಕೇಳಿ. ನೌಕರಿಯವನಿಗೆ ಸಂಬಳ ತಿಂಗಳಿಗೊಮ್ಮೆ, ಕಂತೂ ತಿಂಗಳಿಗೊಮ್ಮೆ. ನಮಗೆ ಭತ್ತದ ದುಡ್ಡು ವರ್ಷಕ್ಕೆ ಒಂದು ಸಲ, ನೀರಿದ್ದರೆ ಎರಡು ಸಲ. ಹೊಗೆಸೊಪ್ಪಿನವರಿಗೆ ಹರಾಜಾದಾಗ ಮಾತ್ರ. ಆದರೆ ಬ್ಯಾಂಕಿನವರು ಕೊಯ್ಲಿನ ತನಕ ಕಾಯುವುದಿಲ್ಲ. ಪ್ರತಿ ತಿಂಗಳು ಕಂತು ಕೇಳುತ್ತಾರೆ. ಆಗ ಕೈಸಾಲ, ಚೀಟಿ, ಒಡವೆ ಗಿರವಿ ಎಲ್ಲಾ ಶುರುವಾಗುತ್ತದೆ. ಬಾಡಿಗೆ ಮಾತ್ರ ಕಂತಿನ ಹಾಗೇ ತಿಂಗಳಿಗೊಮ್ಮೆ ಬರುವ ದುಡ್ಡು. ಮಳೆ ಬಂದರೂ ಬರುತ್ತದೆ, ಹೋದರೂ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ವರ್ಷದಲ್ಲೂ ಬಾಡಿಗೆ ಮನೆಯಲ್ಲಿದ್ದ ಮೇಷ್ಟ್ರಿಗೆ ಸಂಬಳ ನಿಲ್ಲಲಿಲ್ಲ, ಅವರ ಮನೆ ಓನರಿಗೆ ಬಾಡಿಗೆಯೂ ನಿಲ್ಲಲಿಲ್ಲ.

ಈಗ ಒಂದು ಲೆಕ್ಕ ನೋಡೋಣ. ಇದು ಉದಾಹರಣೆಗೆ ಹೇಳುವ ಲೆಕ್ಕ. ನಿಮ್ಮ ನಿಮ್ಮ ಜಾಗದ ದರ ಹಾಕಿಕೊಂಡು ನೀವೇ ಮಾಡಿ ನೋಡಬೇಕು.

ಒಬ್ಬರಿಗೆ ಸ್ವಂತ ನಿವೇಶನ ಇದೆ ಎಂದುಕೊಳ್ಳಿ. ಮೂರು ಚಿಕ್ಕ ಮನೆಗಳ ಕಟ್ಟಡಕ್ಕೆ 24 ಲಕ್ಷ ಬೇಕು. ಕೈಯಲ್ಲಿ 9 ಲಕ್ಷ ಇದೆ, 15 ಲಕ್ಷ ಸಾಲ. ಬಡ್ಡಿ ನೂರಕ್ಕೆ 9, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 13,500 ರೂಪಾಯಿ ಬರುತ್ತದೆ. ಒಂದು ಮನೆಯಲ್ಲಿ ತಾವಿದ್ದು ಎರಡನ್ನು ತಲಾ 6,000ಕ್ಕೆ ಕೊಟ್ಟರೆ ತಿಂಗಳಿಗೆ 12,000. ಆದರೆ ಪೂರ್ತಿ 12,000 ನಮ್ಮದು ಅಂತ ಎಣಿಸಬಾರದು. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುತ್ತದೆ ಎಂದೇ ಇಟ್ಟುಕೊಳ್ಳಿ. ಆಗ ಸರಾಸರಿ 11,000. ಸುಣ್ಣಬಣ್ಣ, ಮೋಟರು, ನಲ್ಲಿ, ಕಂದಾಯ ಎಂದು ತಿಂಗಳಿಗೆ 1,500 ಎತ್ತಿಡಿ. ಉಳಿಯುವುದು 9,500. ಕಂತಿಗೆ ಕೈಯಿಂದ ಹಾಕಬೇಕಾದ್ದು 4,000 ಮಾತ್ರ. ಅದೇ 24 ಲಕ್ಷಕ್ಕೆ ತನಗೊಬ್ಬನಿಗೇ ದೊಡ್ಡ ಮನೆ ಕಟ್ಟಿದವನು 13,500 ರೂಪಾಯಿಯನ್ನೂ ಗದ್ದೆಯಿಂದಲೇ ತರಬೇಕು. ವ್ಯತ್ಯಾಸ ತಿಂಗಳಿಗೆ 9,500, ವರ್ಷಕ್ಕೆ 1 ಲಕ್ಷದ 14 ಸಾವಿರ.

ಇನ್ನೊಂದು ಮಾತು. ಈ ಸಾಲದ ಮೊದಲ ಕಂತಿನಲ್ಲಿ 11,250 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಎರಡು ಸಾವಿರ ಚಿಲ್ಲರೆ. 20 ವರ್ಷಕ್ಕೆ ಕಟ್ಟುವ ಒಟ್ಟು ಹಣ 32 ಲಕ್ಷ ದಾಟುತ್ತದೆ. ಅದಕ್ಕೇ ಬೆಳೆ ಚೆನ್ನಾಗಿ ಬಂದ ವರ್ಷ ಒಂದು ಕಂತು ಹೆಚ್ಚಿಗೆ ಕಟ್ಟಿ, ಅದು ಅಸಲಿಗೆ ಹೋಗಲಿ ಎಂದು ಬರೆದುಕೊಡಿ. ಪ್ರತಿ ವರ್ಷ ಹೀಗೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೆ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚೆ ತೀರುತ್ತದೆ. ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದು ಎಂದು ರಿಜರ್ವ್ ಬ್ಯಾಂಕು 2012ರಲ್ಲೇ ಹೇಳಿದೆ.

ಸಾಲ ತೀರಿದ ಮೇಲೆ? ಬಾಡಿಗೆ ಪೂರ್ತಿ ಕೈಗೆ. ಸರ್ಕಾರಿ ನೌಕರನಿಗೆ ನಿವೃತ್ತಿ ಆದ ಮೇಲೂ ತಿಂಗಳಿಗೊಂದು ಆದಾಯ ಇರುತ್ತದೆ. ಬೇಸಾಯಗಾರನಿಗೆ ಎತ್ತು ಹೂಡಲು ಆಗದ ದಿನ ಯಾರು ಕೊಡುತ್ತಾರೆ? ಮಗನ ಕೈ, ಸೊಸೆಯ ಕೈ ನೋಡದೆ ಮಾತ್ರೆಗೆ ದುಡ್ಡು ಇರಬೇಕಾದರೆ ಇಂಥದ್ದೊಂದು ಆಧಾರ ಬೇಕು.

ಇದನ್ನು ಹೇಳಿದಾಗ ಒಂದು ಆಕ್ಷೇಪಣೆ ತಪ್ಪದೆ ಬರುತ್ತದೆ. "ಮರ್ಯಾದೆ ಏನಾಗಬೇಕು?" ಅಂತ. ನಮ್ಮ ಮನೆಯ ವಿಚಾರವನ್ನೇ ಹೇಳುತ್ತೇನೆ. ರಸ್ತೆ ಕಡೆಯ ಮುಂದಿನ ಭಾಗವನ್ನು ಬಾಡಿಗೆಗೆ ಕೊಟ್ಟು ನಾವು ಹಿಂದಿನ ಭಾಗದಲ್ಲಿ ಇದ್ದೇವೆ. ಶುರುವಿನಲ್ಲಿ ನಮ್ಮ ತಾಯಿಯವರು ಒಪ್ಪಲಿಲ್ಲ. "ಯಜಮಾನ ಹಿಂದಿನ ಬಾಗಿಲಲ್ಲಿ ಓಡಾಡ್ತಾನೆ, ಬಂದವರು ಮುಂದಿನ ಬಾಗಿಲಲ್ಲಿ ಓಡಾಡ್ತಾರೆ, ಇದ್ಯಾವ ಸೀಮೆ ಮನೆ" ಎಂದು ಎರಡು ತಿಂಗಳು ಮಾತು ಬಿಟ್ಟಿದ್ದರು. ಹೋಟೆಲಿನ ಮುಂದೆ ಕೂತವರೂ ನಕ್ಕರು. ಈಗ ತಿಂಗಳ ಐದನೇ ತಾರೀಖು ಬಾಡಿಗೆ ಇಸಿದುಕೊಳ್ಳುವವರು ನಮ್ಮ ತಾಯಿಯವರೇ. ಪುಸ್ತಕದಲ್ಲಿ ಮೊಮ್ಮಗಳ ಕೈಲಿ ಬರೆಸುತ್ತಾರೆ. ಮರ್ಯಾದೆ ಇರೋದು ಬಾಗಿಲಿನಲ್ಲಲ್ಲ ಸ್ವಾಮಿ, ಸಾಲಗಾರ ಬಾಗಿಲಿಗೆ ಬರದೇ ಇರೋದರಲ್ಲಿ.

ಹಾಗಾದರೆ ಎಲ್ಲಿ ಕಟ್ಟಬೇಕು? ಬಾಡಿಗೆಗೆ ಬರುವ ಜನ ಇರುವ ಕಡೆ ಮಾತ್ರ. ಒಳಗಿನ ಸಣ್ಣ ಹಳ್ಳಿಯಲ್ಲಿ ಮೂರು ಮನೆ ಕಟ್ಟಿದರೆ ಮೂರಕ್ಕೂ ಬೀಗವೇ ಗತಿ. ನಮ್ಮ ಭೇರ್ಯ ಮೈಸೂರಿನಿಂದ ಕೆ.ಆರ್.ನಗರ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋಗುವ ರಸ್ತೆಯ ಊರು. ಪಕ್ಕದ ಸಾಲಿಗ್ರಾಮ ಈಗ ತಾಲ್ಲೂಕು ಕೇಂದ್ರ. ಮೇಷ್ಟ್ರು, ನರ್ಸಮ್ಮ, ಬ್ಯಾಂಕಿನವರು, ಲೈನ್‌ಮ್ಯಾನು, ಅಂಗಡಿ ಇಟ್ಟವರು ಇಂಥ ಊರುಗಳಲ್ಲಿ ಮನೆ ಹುಡುಕುತ್ತಾರೆ. ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಬಾಡಿಗೆಗಿರುವ ಮನೆಗಳೆಷ್ಟು, ಖಾಲಿ ಇರುವುದೆಷ್ಟು, ಬಾಡಿಗೆ ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ. ಬೀಜ ಹಾಕುವ ಮುಂಚೆ ಮಣ್ಣು ನೋಡುವುದಿಲ್ಲವೇ?

ಮಕ್ಕಳನ್ನು ಮೈಸೂರಿನಲ್ಲಿ ಓದಿಸುವವರು ಇನ್ನೊಂದು ಯೋಚಿಸಬಹುದು. ಐದಾರು ವರ್ಷ ರೂಮಿಗೆ, ಪಿ.ಜಿ.ಗೆ ದುಡ್ಡು ಕೊಡುವ ಬದಲು, ಶಕ್ತಿ ಇದ್ದರೆ ಎರಡು ಭಾಗದ ಒಂದು ಹಳೇ ಮನೆ ತೆಗೆದುಕೊಂಡು, ಒಂದರಲ್ಲಿ ಮಕ್ಕಳು ಅಜ್ಜಿಯ ಜೊತೆ ಇದ್ದು ಇನ್ನೊಂದನ್ನು ಬಾಡಿಗೆಗೆ ಕೊಡುವುದು. ಆದರೆ ಕಾಗದಪತ್ರದಲ್ಲಿ ಎಚ್ಚರ ಇರಲಿ. ಕೃಷಿ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ ಮಾಡಿದ ರೆವಿನ್ಯೂ ಸೈಟು ಅಗ್ಗವಾಗಿ ಸಿಗುತ್ತದೆ ಎಂದು ಬಲೆಗೆ ಬೀಳಬೇಡಿ. ಅದಕ್ಕೆ ಸಾಲ ಹುಟ್ಟುವುದೂ ಕಷ್ಟ, ಮಾರುವುದೂ ಕಷ್ಟ. ಪಂಚಾಯಿತಿ ವ್ಯಾಪ್ತಿಯ ಸ್ವತ್ತಾದರೆ 2013ರಲ್ಲಿ ಶುರುವಾದ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಿ. ಋಣಭಾರ ಪತ್ರ ತೆಗೆಸಿ. ಒಬ್ಬ ವಕೀಲರಿಗೆ ತೋರಿಸಿ. ಅವರ ಫೀಸು ದಂಡ ಅಲ್ಲ, ಬೇಲಿ.

ಕಟ್ಟುವಾಗ ನೆನಪಿಡಬೇಕಾದ ಕೆಲವು ಸಂಗತಿಗಳು. ಬಾಗಿಲು ಬೇರೆ ಇರಲಿ, ಮೆಟ್ಟಿಲು ಹೊರಗಿನಿಂದ ಇರಲಿ. ಕಕ್ಕಸು, ಬಚ್ಚಲು ಪ್ರತಿ ಮನೆಗೂ ಬೇರೆ ಇರಲಿ. ವಠಾರದ ಮುಕ್ಕಾಲು ಜಗಳ ನಲ್ಲಿ ಮುಂದೆ, ಬಚ್ಚಲ ಮುಂದೆ ಆದದ್ದು. ನೀರಿನ ಟ್ಯಾಂಕು ಬೇರೆ, ಕರೆಂಟಿನ ಮೀಟರು ಬೇರೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯನ್ನು ಬಾಡಿಗೆದಾರರಿಗೂ ಕೊಟ್ಟರು. ಅದು ಮೀಟರಿನ ಲೆಕ್ಕ. ಎರಡು ಸಂಸಾರಕ್ಕೆ ಒಂದೇ ಮೀಟರು ಇಟ್ಟರೆ ಇಬ್ಬರಿಗೂ ನಷ್ಟ. ಈಗ ಒಂದೇ ಅಂತಸ್ತಿಗೆ ದುಡ್ಡಿದ್ದರೂ ಮೇಲೆ ಏಳಿಸುವ ಯೋಚನೆ ಇದ್ದರೆ ಪಾಯವನ್ನು ಇಂಜಿನಿಯರ ಸಲಹೆಯಂತೆ ಅದಕ್ಕೆ ತಕ್ಕ ಹಾಗೆ ಹಾಕಿಸಿ.

ಇನ್ನು ಭೋಗ್ಯದ ಮಾತು. ಭೋಗ್ಯ ಎಂದರೆ ಏನು ಎಂದು ರೈತರಿಗೆ ವಿವರಿಸಬೇಕಾಗಿಲ್ಲ. ಗದ್ದೆಯನ್ನು ಭೋಗ್ಯಕ್ಕೆ ಹಾಕಿ, ಬಿಡಿಸಿಕೊಳ್ಳಲಾರದೆ ಹೋದ ಮನೆತನಗಳನ್ನು ಕಂಡವರು ನಾವು. ಮನೆಯನ್ನೂ ಈಗ ಭೋಗ್ಯಕ್ಕೆ ಕೊಡುತ್ತಾರೆ. ಐದು ಲಕ್ಷ ಒಟ್ಟಿಗೆ ಇಸಿದುಕೊಂಡು ಮೂರು ವರ್ಷ ಬಾಡಿಗೆ ಇಲ್ಲದೆ ಬಿಡುವುದು, ಆಮೇಲೆ ಐದು ಲಕ್ಷವನ್ನೂ ವಾಪಸು ಕೊಡುವುದು. ಕೈಗೆ ಒಟ್ಟಿಗೆ ಬಂದ ಹಣ ಕಣ್ಣಿಗೆ ಆದಾಯದ ಹಾಗೆ ಕಾಣುತ್ತದೆ. ಅದು ಆದಾಯ ಅಲ್ಲ, ಸಾಲ. ಬಡ್ಡಿಯ ಬದಲು ಮನೆ ಕೊಟ್ಟಿರುತ್ತೀರಿ. ಆ ಹಣದಲ್ಲಿ ಹೆಚ್ಚು ಬಡ್ಡಿಯ ಸಾಲ ತೀರಿಸುವುದಾದರೆ ಸರಿ. ಮದುವೆ ಮಾಡಿ ಕೂತರೆ ಮೂರು ವರ್ಷದ ಮೇಲೆ ಎಲ್ಲಿಂದ ತರುತ್ತೀರಿ? ಅಡ್ವಾನ್ಸು ಹಣವೂ ಹಾಗೇ. ಅದನ್ನು ಸಂಘದಲ್ಲಿ ಠೇವಣಿ ಇಟ್ಟುಬಿಡಿ. ಮನೆ ಖಾಲಿ ಮಾಡುವವನ ಕಣ್ಣೀರು ಹಾಕಿಸಬೇಡಿ.

ಬಾಡಿಗೆಗೆ ಕೊಡುವಾಗ ಬಾಯಿಮಾತು ಸಾಲದು, ಕರಾರು ಪತ್ರ ಇರಲಿ. ಎಲ್ಲರೂ 11 ತಿಂಗಳ ಕರಾರು ಮಾಡುವುದಕ್ಕೆ ಕಾರಣ, ಒಂದು ವರ್ಷಕ್ಕೆ ಮೀರಿದ ಗೇಣಿ ಪತ್ರವನ್ನು 1908ರ ನೋಂದಣಿ ಕಾಯಿದೆ ಪ್ರಕಾರ ನೋಂದಾಯಿಸಲೇಬೇಕು. ಬಾಡಿಗೆ ಎಷ್ಟು, ಅಡ್ವಾನ್ಸು ಎಷ್ಟು, ಯಾವ ತಾರೀಖು, ಖಾಲಿ ಮಾಡಲು ಎಷ್ಟು ದಿನದ ನೋಟೀಸು, ಎಲ್ಲಾ ಬರೆಯಿರಿ. ಬಾಡಿಗೆ ಬೇಸಾಯದ ಆದಾಯ ಅಲ್ಲ ಎಂಬುದೂ ತಿಳಿದಿರಲಿ. ಆದಾಯ ತೆರಿಗೆಯ ಲೆಕ್ಕಕ್ಕೆ ಅದು ಬರುತ್ತದೆ. ಕಟ್ಟಿದ ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ರಷ್ಟನ್ನು ಖರ್ಚಿನ ಬಾಬ್ತು ಬಿಡುತ್ತಾರೆ.

ಈಗ ಹೇಳುವ ಮಾತಿಗೆ ಯಾರೂ ಬೇಸರ ಮಾಡಿಕೊಳ್ಳಬಾರದು. ಮನೆ ಕೇಳಿಕೊಂಡು ಬಂದವರನ್ನು ನಾವು ಮೊದಲು ಕೇಳುವುದು "ನೀವು ಯಾವ ಜನ?" ಅಂತ. ಒಳ್ಳೇ ಪಾಠ ಹೇಳುವ ಮೇಷ್ಟ್ರಿಗೆ ಜಾತಿಯ ಕಾರಣಕ್ಕೆ ಮನೆ ಸಿಗದೆ, ದಿನಾ ದೂರದಿಂದ ಬಸ್ಸಿನಲ್ಲಿ ಓಡಾಡುವುದು ನಮ್ಮ ಕಡೆ ಇಲ್ಲವೇ? ಬಸ್ಸು ತಡವಾದರೆ ಕಾಯುವವರು ನಮ್ಮ ಮಕ್ಕಳೇ. ನಮ್ಮ ಸಂಘದಲ್ಲಿ ಷೇರು ಕೊಡುವಾಗ ಜಾತಿ ಕೇಳುವುದಿಲ್ಲ, ಗೊಬ್ಬರದ ಸಾಲಿನಲ್ಲಿ ಜಾತಿ ಕೇಳುವುದಿಲ್ಲ. ಬಾಡಿಗೆದಾರರನ್ನು ಎರಡೇ ಕೇಳಿ. ಕೆಲಸ ಏನು, ಬಾಡಿಗೆ ಯಾವ ತಾರೀಖಿಗೆ ಕೊಡುತ್ತೀರಿ. ಜಾತಿ ನೋಡಿ ಮನೆ ಖಾಲಿ ಬಿಟ್ಟವನಿಗೆ ಬ್ಯಾಂಕು ಬಡ್ಡಿ ಬಿಡುವುದಿಲ್ಲ.

ಕೊನೆಯದಾಗಿ ಸಾಲದ ವಿಚಾರ. ನಿರ್ದೇಶಕನಾಗಿ ಕೈಮುಗಿದು ಕೇಳುತ್ತೇನೆ, ಬೆಳೆಸಾಲವನ್ನು ಮನೆಗೆ ಹಾಕಬೇಡಿ. ಬೆಳೆಸಾಲಕ್ಕೆ ಬಡ್ಡಿ ರಿಯಾಯಿತಿ ಇರುವುದು ಗಡುವಿನ ಒಳಗೆ ಕಟ್ಟಿದವರಿಗೆ. ಆ ಹಣ ಗೋಡೆಯೊಳಗೆ ಹೂತುಹೋದರೆ ಗಡುವಿಗೆ ಬಾರದು. ರಿಯಾಯಿತಿಯೂ ಹೋಯಿತು, ಮುಂದಿನ ಸಾಲವೂ ಹೋಯಿತು. ಮನೆಗೆ ಮನೆ ಸಾಲವನ್ನೇ ತೆಗೆಯಿರಿ. ಸಹಕಾರ ಕ್ಷೇತ್ರದಲ್ಲೂ ಅದಕ್ಕೆ ದಾರಿ ಇದೆ. ರಾಜ್ಯ ಮತ್ತು ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳು ಒಬ್ಬರಿಗೆ ಕೊಡಬಹುದಾದ ಗೃಹಸಾಲದ ಮಿತಿ ಮೊದಲು 20 ಲಕ್ಷ, 30 ಲಕ್ಷ ಇತ್ತು. ರಿಜರ್ವ್ ಬ್ಯಾಂಕು ಅದನ್ನು 2022ರ ಜೂನ್‌ನಲ್ಲಿ, ಬ್ಯಾಂಕಿನ ಶಕ್ತಿ ನೋಡಿ, 50 ಲಕ್ಷ ಮತ್ತು 75 ಲಕ್ಷಕ್ಕೆ ಏರಿಸಿತು. ಆದರೆ ಕೊಡುತ್ತಾರೆ ಎಂದು ಪೂರ್ತಿ ತೆಗೆಯುವುದಲ್ಲ. ಎರಡೂ ಬಾಡಿಗೆ ಮನೆ ಆರು ತಿಂಗಳು ಖಾಲಿ ಬಿದ್ದರೂ ಕಂತು ಕಟ್ಟುವ ಶಕ್ತಿ ನಿಮಗಿದೆಯೇ? ಇದ್ದರೆ ಕೈ ಹಾಕಿ. ಇಲ್ಲದಿದ್ದರೆ ಸಾಲ ಚಿಕ್ಕದು ಮಾಡಿ, ಒಂದೇ ಭಾಗ ಕಟ್ಟಿ. ಇದಕ್ಕಾಗಿ ನೀರಾವರಿ ಗದ್ದೆ ಮಾತ್ರ ಮಾರಬೇಡಿ. ಹೋದ ಗದ್ದೆ ಬಾಡಿಗೆ ದುಡ್ಡಿನಲ್ಲಿ ವಾಪಸು ಬರೋದಿಲ್ಲ.

ಮನೆ ಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ ಎಂದು ಹೇಳುತ್ತೇನೆ. ಬಾಡಿಗೆ ಆಕೆಯ ಖಾತೆಗೆ ಬರಲಿ. ಆ ಹಣ ಇಸ್ಪೀಟಿಗೆ, ಬಾರಿಗೆ ದಾರಿ ತಪ್ಪದೆ ಕಂತಿಗೆ ಸೇರುತ್ತದೆ ಎಂದು ತಾಯಂದಿರ ಪರವಾಗಿ ಧೈರ್ಯವಾಗಿ ಹೇಳಬಲ್ಲೆ.

ಬಂಧುಗಳೇ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತ ಬಿಡುಗಡೆ ಆಗಬೇಕು ಎಂಬುದೇ ಅದರ ಉದ್ದೇಶ. ನಮ್ಮ ಸಂಘಕ್ಕೂ ಈಗ 25 ವರ್ಷ ತುಂಬಿದೆ. ಸಂಘ ಸಾಲ ಕೊಡಬಹುದು, ಗೊಬ್ಬರ ಕೊಡಬಹುದು. ಸಾಲದಿಂದ ಹೊರಗೆ ಬರುವ ದಾರಿಯನ್ನು ಮಾತ್ರ ನಾವೇ ನಮ್ಮ ನಮ್ಮ ಮನೆಯಲ್ಲಿ ಹಾಕಿಕೊಳ್ಳಬೇಕು. ಮುಂದಿನ ಸಲ ನಿಮ್ಮಲ್ಲಿ ಯಾರಾದರೂ ಮನೆಯ ಪ್ಲಾನು ಬರೆಸುವಾಗ ಮೇಸ್ತ್ರಿಗೆ ಒಂದು ಮಾತು ಹೇಳಿ. ಕಂಬ ಒಂದು ಕಡಿಮೆ ಆಗಲಿ, ಬಾಗಿಲು ಒಂದು ಹೆಚ್ಚಾಗಲಿ.



ಜೈ ಸಹಕಾರ, ಜೈ ಕರ್ನಾಟಕ.